ಮೆಟ್ಟಿಲಿಗೆ ಹಾರೆ ಹಾಕುವ ಮೊದಲು

ಚಾಮುಂಡಿ ಬೆಟ್ಟದ ಉಸ್ತುವಾರಿ ಹೊತ್ತ ಅಧಿಕಾರಿಗಳಿಗೆ, ಮತ್ತು ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿರುವ ಮೈಸೂರಿನ ಎಲ್ಲರಿಗೂ,

ಮಾನ್ಯರೇ,

ಬೆಟ್ಟಕ್ಕೆ ಮೆಟ್ಟಿಲು ಎಷ್ಟು ಎಂದು ಮೈಸೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಸಾವಿರ ಎನ್ನುವವರಿದ್ದಾರೆ, ಸಾವಿರದ ಎಂಟು ಎನ್ನುವವರೂ ಇದ್ದಾರೆ. ನಂದಿ ಏಳುನೂರನೇ ಮೆಟ್ಟಿಲಿನ ಹತ್ತಿರ ಎಂದು ಒಬ್ಬರು ಹೇಳಿದರೆ, ಇಲ್ಲ, ಎಂಟುನೂರು ಎಂದು ಇನ್ನೊಬ್ಬರು. ಯಾರೂ ಸುಳ್ಳು ಹೇಳುತ್ತಿಲ್ಲ. ಪಾದದ ಬಳಿ ಎಣಿಕೆಯನ್ನು ಎಲ್ಲಿಂದ ಶುರು ಮಾಡಿದರು, ನಡುನಡುವೆ ಬರುವ ಅಗಲ ಚಪ್ಪಡಿಗಳನ್ನು ಲೆಕ್ಕಕ್ಕೆ ಹಿಡಿದರೋ ಬಿಟ್ಟರೋ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಊರು ತುಳಿದ ದಾರಿಗೆ ಎಲ್ಲರೂ ಒಪ್ಪುವ ಒಂದು ಎಣಿಕೆಯಿಲ್ಲ. ದುರಸ್ತಿ, ಅಭಿವೃದ್ಧಿ, ಸುಂದರೀಕರಣ ಎಂಬ ಮಾತು ಬಂದಾಗಲೆಲ್ಲ ನಮಗೆ ಮೊದಲು ನೆನಪಾಗುವುದು ಇದು.

ನಾವು ಕೇಳುತ್ತಿರುವುದು ಇಷ್ಟೇ. ಮೆಟ್ಟಿಲಿಗೆ ಹಾರೆ ಹಾಕುವ ಮೊದಲು ಮೆಟ್ಟಿಲುಗಳನ್ನು ಎಣಿಸಿ ಗುರುತು ಹಾಕಿ. ಅದೇ ಹೊತ್ತಿಗೆ, ಬೆಟ್ಟದ ಮೇಲಿಂದ ಹಳೆಯ ಮೈಸೂರನ್ನು ಬೆರಳು ತೋರಿಸಿ ಹೇಳಬಲ್ಲ ಹಿರಿಯರನ್ನು ಅಲ್ಲಿಗೆ ಕರೆತಂದು ಅವರ ಮಾತು ದಾಖಲಿಸಲು ಅನುವು ಮಾಡಿಕೊಡಿ. ಇವು ಎರಡು ಬೇರೆ ಕೆಲಸದಂತೆ ಕಂಡರೂ ಒಂದೇ ದಾರದ ಎರಡು ತುದಿ. ಮೆಟ್ಟಿಲಿಗೆ ಸಂಖ್ಯೆಯಿದ್ದರೆ ನೆನಪಿಗೆ ವಿಳಾಸ ಸಿಗುತ್ತದೆ. “ನಂದಿಗಿಂತ ಸ್ವಲ್ಪ ಕೆಳಗೆ, ಎಡಗಡೆ ಬಂಡೆ ಇತ್ತಲ್ಲ, ಅಲ್ಲಿ ಬುತ್ತಿ ಬಿಚ್ಚುತ್ತಿದ್ದೆವು” ಎಂಬ ಮಾತು ಐವತ್ತು ವರ್ಷ ಕಳೆದ ಮೇಲೂ ಯಾವುದೋ ಒಂದು ಕಲ್ಲಿನ ಮುಂದೆ ಹೋಗಿ ನಿಲ್ಲಬೇಕು.

ಮೊದಲು ಕಲ್ಲಿನ ವಿಚಾರ. ಮೆಟ್ಟಿಲುಗಳೂ ಏಕಶಿಲೆಯ ನಂದಿಯೂ ದೊಡ್ಡ ದೇವರಾಜ ಒಡೆಯರ ಕಾಲದವು. ಅವರ ಆಳ್ವಿಕೆ 1659ರಿಂದ 1673ರವರೆಗೆ. ಮೇಲಿನ ಏಳಂತಸ್ತಿನ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ್ದು. ಅಂದರೆ ಹತ್ತುವವರಿಗೆ ಮೊದಲು ಸಿಗುವುದು ಹಳೆಯದು, ಆಮೇಲೆ ಕಾಣುವುದು ಹೊಸದು. ಗೋಪುರಕ್ಕೆ ಸಿಗುವ ಗಮನದಲ್ಲಿ ಕಾಲುಭಾಗವೂ ಕಾಲಡಿಯ ಕಲ್ಲಿಗೆ ಸಿಗುವುದಿಲ್ಲ.

ಬಣ್ಣದಲ್ಲಿ ಬರೆದ ಸಂಖ್ಯೆ ಇಲ್ಲಿ ನಿಲ್ಲುವುದಿಲ್ಲ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಆಷಾಢದ ನಾಲ್ಕು ಶುಕ್ರವಾರ ಕಳೆದರೆ ಮೆಟ್ಟಿಲಿನ ಮುಂಬದಿಯೆಲ್ಲ ಕೆಂಪು ಹಳದಿ. ಅದು ನಿಲ್ಲಬೇಕಿಲ್ಲ. ಸಂಖ್ಯೆಯ ಜಾಗ ಬದಲಾದರೆ ಸಾಕು. ಪ್ರತಿ ಐವತ್ತನೇ ಮೆಟ್ಟಿಲಿನ ಪಕ್ಕದಲ್ಲಿ, ಮೆಟ್ಟಿಲಿಗೆ ತಾಗದ ಹಾಗೆ, ಮೊಣಕಾಲೆತ್ತರದ ಒಂದು ಕಲ್ಲು ನೆಡಿ. ಹತ್ತು ಸೆಂಟಿಮೀಟರ್ ಎತ್ತರದ ಅಂಕಿಯನ್ನು ಉಳಿಯಲ್ಲಿ ಐದು ಮಿಲಿಮೀಟರ್ ಆಳಕ್ಕೆ ಕೆತ್ತಿದರೆ ಬಣ್ಣ ಹೋದರೂ ಬೆರಳಾಡಿಸಿ ಓದಬಹುದು. ಸಾವಿರಕ್ಕೆ ಇಪ್ಪತ್ತೇ ಕಲ್ಲು. ಎಣಿಕೆಯ ನಿಯಮವನ್ನು ಪಾದದ ಬಳಿಯೇ ಬರೆದು ಹಾಕಬೇಕು: ಕಾಲೆತ್ತಿ ಇಡಬೇಕಾದದ್ದೆಲ್ಲ ಮೆಟ್ಟಿಲು, ನಡೆದುಕೊಂಡು ದಾಟುವುದು ಮೆಟ್ಟಿಲಲ್ಲ. ಈ ಒಂದು ಸಾಲು ಇಲ್ಲದಿದ್ದರೆ ಮುಂದಿನ ಗುತ್ತಿಗೆದಾರನ ಅಳತೆಪುಸ್ತಕದಲ್ಲಿ ಇನ್ನೊಂದು ಎಣಿಕೆ ಹುಟ್ಟುತ್ತದೆ.

ಫೋಟೋ ದಾಖಲೆಗೆ ಇಬ್ಬರು ಸಾಕು. ಒಬ್ಬರು ಟೇಪು ಹಿಡಿದು ಎತ್ತರ, ಅಗಲ ಕೂಗಿ ಹೇಳುವುದು. ಇನ್ನೊಬ್ಬರು ಬರೆದುಕೊಂಡು ಒಂದು ಫೋಟೋ ತೆಗೆಯುವುದು, ಫೋಟೋದಲ್ಲಿ ಅಡಿಪಟ್ಟಿಯೂ ಸ್ಲೇಟಿನ ಮೇಲೆ ಬರೆದ ಸಂಖ್ಯೆಯೂ ಕಾಣಬೇಕು. ಮೆಟ್ಟಿಲಿಗೆ ಒಂದು ನಿಮಿಷ ಎಂದರೆ ಸಾವಿರ ನಿಮಿಷ, ಹತ್ತಿರ ಹದಿನೇಳು ಗಂಟೆ. ಬಿಸಿಲೇರುವ ಮುನ್ನ ದಿನಕ್ಕೆ ಮೂರೂವರೆ ಗಂಟೆ ಮಾಡಿದರೆ ಐದು ಬೆಳಗು. ಇದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ.

ಇನ್ನು ದುರಸ್ತಿ. ಕಾಲಿಟ್ಟರೆ ಕುಕ್ಕುವ ಮೆಟ್ಟಿಲು ಸವೆದದ್ದರಿಂದ ಕುಕ್ಕುವುದಲ್ಲ. ಪಕ್ಕದ ಚರಂಡಿ ಎಲೆ, ಪ್ಲಾಸ್ಟಿಕ್ಕು ತುಂಬಿ ಕಟ್ಟಿಕೊಂಡು ಮಳೆನೀರು ಮೆಟ್ಟಿಲ ಮೇಲೆಯೇ ಹರಿಯುತ್ತದೆ. ಸಂದಿಯಿಂದ ಕೆಳಗಿಳಿದು ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಕಲ್ಲು ಎರಡು ತುದಿಯ ಮೇಲೆ ಮಾತ್ರ ಕೂತಿರುತ್ತದೆ. ಇಂಥ ಕಡೆ ಸಂದಿಗೆ ಸಿಮೆಂಟು ಮೆತ್ತುವುದು ರೂಢಿ. ಮೆತ್ತಿದ ವರ್ಷ ಚೆನ್ನಾಗಿಯೇ ಕಾಣುತ್ತದೆ. ಸಿಮೆಂಟು ಬಿಗಿ, ಕಲ್ಲು ಬಿಸಿಲಿಗೆ ಹಿಗ್ಗಿ ಕುಗ್ಗುತ್ತದೆ, ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ನೀರು ಒಳಗೆ ಹೋಗುತ್ತದೆ, ಆದರೆ ಹೊರಗೆ ಬರುವ ದಾರಿ ಮುಚ್ಚಿರುತ್ತದೆ. ಎರಡನೇ ಮಳೆಗಾಲಕ್ಕೆ ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು. ಸರಿಯಾದ ಕ್ರಮ ಹಳೆಯದೇ: ಕಲ್ಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹಾರೆಯಿಂದ ಎಬ್ಬಿಸಿ, ಅಡಿಯ ಸಡಿಲ ಮಣ್ಣು ತೆಗೆದು, ಜಲ್ಲಿ ತುಂಬಿ ದಿಮ್ಮಸು ಹಾಕಿ, ಅದೇ ಕಲ್ಲನ್ನು ಅದೇ ಜಾಗಕ್ಕೆ ಕೂರಿಸುವುದು. ಕೂರಿಸುವಾಗ ಮುಂದಕ್ಕೆ ತುಸು ಇಳಿಜಾರು ಇರಬೇಕು, ಒಂದಡಿ ಅಗಲಕ್ಕೆ ಆರು ಮಿಲಿಮೀಟರಿನಷ್ಟು. ಅಷ್ಟಿದ್ದರೆ ನೀರು ನಿಲ್ಲುವುದಿಲ್ಲ, ಪಾದಕ್ಕೂ ಗೊತ್ತಾಗುವುದಿಲ್ಲ.

ನಡು ಸವೆದ ಕಲ್ಲನ್ನು ಬದಲಿಸಬೇಡಿ. ಸವೆತವೂ ಒಂದು ದಾಖಲೆ. ಮುರಿದದ್ದಕ್ಕೆ ಮಾತ್ರ ಹೊಸ ಕಲ್ಲು, ಅದೂ ಉಳಿಪೆಟ್ಟು ಬಿದ್ದ ಒರಟು ಕಲ್ಲು. ಯಂತ್ರದಲ್ಲಿ ಪಾಲಿಶ್ ಆದ ಗ್ರಾನೈಟಿನ ಮೇಲೆ ಕುಂಕುಮ, ಎಣ್ಣೆ, ಬೆಳಗಿನ ಇಬ್ಬನಿ ಮೂರೂ ಸೇರಿದರೆ ಬರಿಗಾಲೂ ಜಾರುತ್ತದೆ. ಹೊಸ ಕಲ್ಲಿನ ಎತ್ತರ ಅಕ್ಕಪಕ್ಕದ ಮೆಟ್ಟಿಲಿಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ವ್ಯತ್ಯಾಸ ಆಗಕೂಡದು. ಜನ ಎಡವುವುದು ಎತ್ತರದ ಮೆಟ್ಟಿಲಿಗಲ್ಲ; ನಾಲ್ಕಾರು ಮೆಟ್ಟಿಲು ಹತ್ತಿ ಕಾಲಿಗೆ ಒಂದು ಲಯ ಕೂತ ಮೇಲೆ ತಟ್ಟನೆ ಲಯ ತಪ್ಪಿಸುವ ಮೆಟ್ಟಿಲಿಗೆ.

ನೀರಿನ ಮಾತು ಉತ್ಪ್ರೇಕ್ಷೆ ಎನಿಸಿದರೆ 2021ರ ಮಳೆಗಾಲದ ಕೊನೆಯಲ್ಲಿ ನಂದಿಯ ಕಡೆಯ ಮೋಟಾರು ರಸ್ತೆ ಕುಸಿದದ್ದನ್ನು ನೆನೆಯಿರಿ. ಬೆಟ್ಟದ ಇಳಿಜಾರಿನಲ್ಲಿ ಹಿಂದೆ ನಿಂತ ನೀರಿಗೆ ದಾರಿ ಬಿಡದ ಯಾವ ಗೋಡೆಯೂ ಬಹುಕಾಲ ಬಾಳುವುದಿಲ್ಲ. ಮೆಟ್ಟಿಲು ಅದೇ ಬೆಟ್ಟದ ಮೇಲಿದೆ.

ಈಗ ಹಿರಿಯರ ವಿಷಯ. ಮನೆಯ ಜಗಲಿಯಲ್ಲಿ ಕೂರಿಸಿ “ಆಗ ಮೈಸೂರು ಹೇಗಿತ್ತು?” ಎಂದು ಕೇಳಿದರೆ ಬರುವ ಉತ್ತರ ಎಲ್ಲರಿಗೂ ಗೊತ್ತು. “ಆಗೆಲ್ಲ ಚೆನ್ನಾಗಿತ್ತು ಕಣಪ್ಪ.” ಅಲ್ಲಿಗೆ ಮುಗಿಯಿತು. ಬೆಟ್ಟದ ಮೇಲೆ ನಿಲ್ಲಿಸಿದರೆ ಅದೇ ತಾತ ಬೆರಳು ಚಾಚುತ್ತಾರೆ: ಅಲ್ಲಿ, ಆ ನೀಲಗಿರಿ ಮರದ ಪಕ್ಕ, ಅದಕ್ಕೂ ಆಚೆ. ಜಾಗ ಕಂಡ ಕೂಡಲೆ ದಾರಿ ನೆನಪಾಗುತ್ತದೆ, ದಾರಿ ನೆನಪಾದರೆ ದಾರಿಯಲ್ಲಿದ್ದ ಅಂಗಡಿ, ಟಾಂಗಾ ಸ್ಟ್ಯಾಂಡು, ಕೊಳಾಯಿ ಒಂದೊಂದಾಗಿ ಬರುತ್ತವೆ. ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರ, ಊರು ಅದಕ್ಕಿಂತ ಮುನ್ನೂರು ಮೀಟರಿನಷ್ಟು ಕೆಳಗೆ. ಊರಿನ ಆಕಾರ ಓದಲು ಇದು ಹೇಳಿ ಮಾಡಿಸಿದ ಎತ್ತರ.

ಓದುವುದು ಹೇಗೆ ಎಂದು ಹೊಸಬರಿಗೆ ಒಂದು ಉಪಾಯ. ಮೇಲಿನ ವ್ಯೂ ಪಾಯಿಂಟಿನಲ್ಲಿ ನಿಂತು ಒಂದು ಕೈಯನ್ನು ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ, ಎಲ್ಲರಿಗೂ ಹೆಚ್ಚುಕಡಿಮೆ ಅಷ್ಟೇ. ಕೈ ಉದ್ದವಿದ್ದವರ ಮುಷ್ಟಿಯೂ ದೊಡ್ಡದು. ಅರಮನೆಯ ಗುಮ್ಮಟದಿಂದ ಶುರು ಮಾಡಿ. ಒಂದು ಮುಷ್ಟಿ ಬಲಕ್ಕೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಶಿಖರ. ಮೂರು ಮುಷ್ಟಿ ಬಲಕ್ಕೆ ಕಾರಂಜಿ ಕೆರೆ. ಆರೂವರೆಯ ಹತ್ತಿರ, ಪೂರ್ತಿ ಬಲಕ್ಕೆ ತಿರುಗಿದರೆ ಬೆಳ್ಳಗೆ ಲಲಿತಮಹಲ್. ಮತ್ತೆ ಅರಮನೆಗೆ ಬಂದು ಎರಡು ಮುಷ್ಟಿ ಎಡಕ್ಕೆ ಹೋದರೆ ಕುಕ್ಕರಹಳ್ಳಿ ಕೆರೆ. ಅರಮನೆಗೆ ಕೊಂಚ ಎಡಕ್ಕೆ, ದಿಗಂತದಲ್ಲಿ, ಮಳೆ ತೊಳೆದ ದಿನ ಹೊಳೆಯುವ ಗೆರೆ ಕೃಷ್ಣರಾಜಸಾಗರದ್ದು. ಹಿರಿಯರು “ಅಲ್ಲಿ” ಎಂದಾಗ ಬರೆದುಕೊಳ್ಳುವವರು ಮುಷ್ಟಿ ಲೆಕ್ಕ ಬರೆದುಕೊಳ್ಳಬೇಕು. ಧ್ವನಿಯಲ್ಲಿ “ಅಲ್ಲಿ” ಎಂಬುದಕ್ಕೆ ಯಾವ ಅರ್ಥವೂ ಇರುವುದಿಲ್ಲ. ಈ ಒಂದು ಎಚ್ಚರ ತಪ್ಪಿ ಹಾಳಾದ ಧ್ವನಿಮುದ್ರಣಗಳಿಗೆ ಲೆಕ್ಕವಿಲ್ಲ.

ಊರಿನ ಆಕಾರದಲ್ಲೇ ಚರಿತ್ರೆಯಿದೆ. ಅರಮನೆಯ ಸುತ್ತಿನ ಹಳೆಯ ಭಾಗ ಒತ್ತೊತ್ತು, ಅದರಾಚೆ ನೇರ ಬೀದಿಗಳು. 1898ರ ಪ್ಲೇಗು ಊರನ್ನು ನಡುಗಿಸಿತು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂತು. ಇಕ್ಕಟ್ಟಿನ ಕೇರಿಗಳ ಜನಕ್ಕೆ ಗಾಳಿ ಬೆಳಕಿನ ಹೊಸ ಬಡಾವಣೆಗಳಾದವು. ಮನೆಗಳ ಬೆನ್ನಿಗೆ ಓಡುವ, ಕಸ, ಮಲ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು ಆ ಯೋಜನೆಯ ಗುರುತು. ಈಗ ಎಷ್ಟೋ ಕಡೆ ಅವನ್ನು ಮುಚ್ಚಿ ಅಡುಗೆಮನೆ ಕಟ್ಟಿಕೊಂಡಿದ್ದಾರೆ. ಯಾವ ಬೀದಿಯಲ್ಲಿ ಗಲ್ಲಿ ಇತ್ತು, ಯಾವಾಗ ಮುಚ್ಚಿತು ಎಂದು ಕೇಳಿದರೆ ಹಿರಿಯರು ಹೇಳುವುದು ನಕ್ಷೆಗಿಂತ ನಿಖರವಾಗಿರುತ್ತದೆ. ಅರಮನೆಗೂ ಬೆಟ್ಟಕ್ಕೂ ನಡುವೆ ದಸರಾ ವಸ್ತುಪ್ರದರ್ಶನ ನಡೆಯುವ ಬಯಲಿನ ಹೆಸರು ದೊಡ್ಡಕೆರೆ ಮೈದಾನ. ಹೆಸರಿನಲ್ಲಿ ಮಾತ್ರ ಕೆರೆ ಉಳಿದಿದೆ.

ಇಂಥ ಕಡೆಯೇ ಎಚ್ಚರ ಬೇಕು. “ಅಲ್ಲಿ ಕೆರೆ ಇತ್ತು” ಎಂದು ಒಬ್ಬರು ಹೇಳಿದರೆ ಅವರು ಕಂಡದ್ದೋ, ಅವರಜ್ಜ ಹೇಳಿದ್ದೋ, ಪೇಪರಿನಲ್ಲಿ ಓದಿದ್ದೋ? ಬರೆಹದ ಅಂಚಿನಲ್ಲಿ ಮೂರೇ ಗುರುತು ಹಾಕಿ: ಕಂಡದ್ದಕ್ಕೆ ‘ಕಂ’, ಕೇಳಿದ್ದಕ್ಕೆ ‘ಕೇ’, ಓದಿದ್ದಕ್ಕೆ ‘ಓ’. ಕೇಳಿದ್ದು ಕೀಳೇನಲ್ಲ. ಪ್ಲೇಗಿನ ಕಾಲದಲ್ಲಿ ಮನೆ ಬಿಟ್ಟು ಬಯಲಿನ ಗುಡಿಸಲಲ್ಲಿದ್ದ ಕಥೆ ಇನ್ನು ‘ಕೇ’ ಆಗಿಯೇ ಸಿಗುವುದು. ಆದರೆ ಎರಡನ್ನೂ ಬೆರೆಸಿದರೆ ಒಂದೂ ಉಳಿಯುವುದಿಲ್ಲ. ಚರ್ಚಿನ ಶಂಕುಸ್ಥಾಪನೆ ಆದದ್ದು 1933ರಲ್ಲಿ. ಕಟ್ಟುವುದನ್ನು ಕಣ್ಣಾರೆ ಕಂಡೆ ಎನ್ನುವವರಿಗೆ ಈಗ ತೊಂಬತ್ತರ ಮೇಲಾಗಿರಬೇಕು. ಎಂಬತ್ತರ ಹಿರಿಯರು ಹಾಗೆಂದರೆ ತಿದ್ದಲು ಹೋಗಬೇಡಿ. “ನಿಮ್ಮ ಜೊತೆ ಯಾರು ನೋಡಿದರು ತಾತ?” ಎಂದು ಕೇಳಿ. “ನಮ್ಮಣ್ಣ ಹೇಳ್ತಿದ್ದ” ಎಂದು ಉತ್ತರ ತಾನಾಗಿ ಬರುತ್ತದೆ.

ಇಸವಿ ಕೇಳಬೇಡಿ. ಯಾರಿಗೂ ಇಸವಿ ನೆನಪಿರುವುದಿಲ್ಲ, ಕೇಳಿದರೆ ಮರ್ಯಾದೆಗೆ ಒಂದು ಹೇಳಿಬಿಡುತ್ತಾರೆ. ಎಲ್ಲರಿಗೂ ನೆನಪಿರುವ ಘಟನೆಯನ್ನು ಗೂಟ ಮಾಡಿಕೊಂಡು ಕೇಳಿ. ನಾಲ್ವಡಿಯವರು ತೀರಿಕೊಂಡದ್ದು 1940. ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಮೈಸೂರು ಚಲೋ ಚಳವಳಿ, ಅದರಲ್ಲಿ ಇಂದು ರಾಮಸ್ವಾಮಿ ವೃತ್ತಕ್ಕೆ ಹೆಸರಾಗಿರುವ ಹುಡುಗ ಗುಂಡೇಟಿಗೆ ಬಲಿಯಾದದ್ದು 1947. ಆಣೆ ಹೋಗಿ ನಯಾಪೈಸೆ ಬಂದದ್ದು 1957. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973. ಐಡಿಯಲ್ ಜಾವಾ ಮೋಟಾರುಸೈಕಲ್ ಕಾರ್ಖಾನೆ ಮುಚ್ಚಿದ್ದು 1996. “ನಿಮ್ಮ ಬೀದಿಗೆ ನಲ್ಲಿ ಬಂದಾಗ ಆಣೆ ಇತ್ತೋ, ಪೈಸೆಯೋ?” ಎಂದರೆ ಉತ್ತರ ಕ್ಷಣದಲ್ಲಿ ಬರುತ್ತದೆ. ಹೆಣ್ಣುಮಕ್ಕಳಿಗೆ ಮದುವೆ, ಹೆರಿಗೆಗಳೇ ಗೂಟ. ಅಜ್ಜಿ “ದೊಡ್ಡವಳು ಹೊಟ್ಟೆಯಲ್ಲಿದ್ದಾಗ” ಎಂದರೆ ಅದು ಇಸವಿಯಷ್ಟೇ ಗಟ್ಟಿ. ದೊಡ್ಡವಳ ಜನ್ಮದಿನ ಮನೆಯಲ್ಲಿ ಬರೆದಿಟ್ಟಿರುತ್ತದೆ. ನೀರು, ಸೌದೆ, ಕತ್ತಲು, ಶಾಲೆಯ ದಾರಿ, ಕಾರ್ಖಾನೆಯ ಸೈರನ್ನು ಇವುಗಳ ಬಗ್ಗೆ ಕೇಳಿ. ಅರಮನೆ, ದಸರಾ ಬಗ್ಗೆ ಕೇಳದಿದ್ದರೂ ಹೇಳುತ್ತಾರೆ, ಅದಾಗಲೇ ಸಾಕಷ್ಟು ದಾಖಲಾಗಿದೆ ಕೂಡ.

ಕರೆದೊಯ್ಯುವ ಕ್ರಮಕ್ಕೆ ಬರೋಣ. ಎಂಬತ್ತು ದಾಟಿದವರನ್ನು ಪಾದದಿಂದ ಹತ್ತಿಸುವ ಹುಚ್ಚು ಬೇಡ. ಇಳಿಸುವುದಂತೂ ಇನ್ನೂ ಬೇಡ. ಹತ್ತುವಾಗ ಏದುಸಿರು ಬಂದು ಎಚ್ಚರಿಸುತ್ತದೆ. ಇಳಿಯುವಾಗ ಉಸಿರು ಸುಖವಾಗಿರುತ್ತದೆ, ಮೈಭಾರವನ್ನೆಲ್ಲ ಮಂಡಿ ತಡೆಯುತ್ತದೆ, ನೋವು ಗೊತ್ತಾಗುವುದು ಮರುದಿನ. ವಾಹನದಲ್ಲಿ ಮೇಲಕ್ಕೆ ಹೋಗಿ ವ್ಯೂ ಪಾಯಿಂಟಿನಲ್ಲಿ ಕೂರಿಸುವುದು, ಆಮೇಲೆ ವಾಹನದಲ್ಲೇ ನಂದಿಗೆ ಬಂದು, ಮೈಯಲ್ಲಿ ಕಸುವಿದ್ದರೆ ಅಲ್ಲಿಂದ ಮೇಲಕ್ಕೆ ಹತ್ತಿಪ್ಪತ್ತು ಮೆಟ್ಟಿಲು ಹತ್ತಿಸಿ, ಒಬ್ಬರು ಒಂದು ಮೆಟ್ಟಿಲು ಕೆಳಗೆ ಮುಂದೆ ನಿಂತು ಕೈಹಿಡಿದು ಇಳಿಸುವುದು. ಪಾದ ಕಲ್ಲಿಗೆ ತಾಗಿದರೆ ಸಾಕು, ಹಿಂದೆ ಬೆಟ್ಟ ಹತ್ತಿದ ನೆನಪುಗಳೆಲ್ಲ ಬಾಯಿಗೆ ಬರುತ್ತವೆ.

ಹೊತ್ತು ಬೆಳಿಗ್ಗೆ ಏಳರಿಂದ ಎಂಟೂವರೆ. ಬೆಟ್ಟ ಊರಿನ ಆಗ್ನೇಯಕ್ಕಿದೆ. ಬೆಳಿಗ್ಗೆ ಸೂರ್ಯ ನೋಡುವವರ ಬೆನ್ನ ಕಡೆ ಇರುತ್ತಾನೆ, ಊರಿನ ಮೇಲೆ ಬೆಳಕು ಬೀಳುತ್ತದೆ. ಸಂಜೆ ಎಡಗಡೆಯಿಂದ ಕಣ್ಣಿಗೆ ಹೊಡೆಯುತ್ತಾನೆ, ಪೊರೆ ಬಂದ ಕಣ್ಣಿಗೆ ಆಗ ಏನೂ ಕಾಣುವುದಿಲ್ಲ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಮಳೆ ಬಿಟ್ಟ ಮರುದಿನ ಅತ್ಯುತ್ತಮ. ಜನವರಿಯ ಮಂಜಿಗೆ ಹೋದರೆ ಬಿಳಿ ಗೋಡೆ ನೋಡಿ ಬರಬೇಕು. ಆಷಾಢದ ಶುಕ್ರವಾರ ಬೇಡವೇ ಬೇಡ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ತಿಂಡಿ ತಿಂದೇ ಹೊರಡಲಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಬೇಡ. ಕೋತಿಗಳು ಕವರ್ ಕಂಡರೆ ತಿಂಡಿ ಎಂದೇ ತಿಳಿಯುತ್ತವೆ, ಒಳಗೆ ರೆಕಾರ್ಡರ್ ಇದ್ದರೂ ಸರಿ.

ಒಬ್ಬ ಹಿರಿಯರಿಗೆ ಮೂವರು: ಕೇಳುವವರು, ಬರೆಯುವವರು, ಕೈಹಿಡಿಯುವವರು. ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸಬೇಡಿ. ಗಟ್ಟಿ ದನಿಯವರು ಹೇಳಿದ್ದಕ್ಕೆ ಇನ್ನೊಬ್ಬರು “ಹೌದೌದು” ಎನ್ನುತ್ತಾರೆ, ಅಲ್ಲಿಗೆ ಅವರ ನೆನಪು ಹೋಯಿತು. ನಡೆಯುವಾಗ ಮಾತಾಡಿಸುವುದೂ ಬೇಡ. ಉಸಿರು ಮಾತನ್ನು ತುಂಡರಿಸುತ್ತದೆ. ಕೂತಾಗ ನಲವತ್ತು ನಿಮಿಷ, ಅದಕ್ಕಿಂತ ಹೆಚ್ಚಾದರೆ ದಣಿವಿಗೆ ಚುಟುಕಾಗಿ ಉತ್ತರಿಸತೊಡಗುತ್ತಾರೆ.

ಮೇಲೆ ಗಾಳಿ ಜೋರು. ಫೋನನ್ನು ಕೈಯಲ್ಲಿ ಹಿಡಿದು ಮುದ್ರಿಸಿದರೆ ಮನೆಗೆ ಬಂದು ಕೇಳುವಾಗ ಬರೀ ಭೋರ್ ಎನ್ನುತ್ತದೆ. ಕಾಲರ್ ಮೈಕಿಗೆ ತುಪ್ಪಳದ ಟೋಪಿ ಹಾಕಿ, ಗಂಟಲಿನಿಂದ ಒಂದು ಗೇಣು ಕೆಳಗೆ, ಸೆರಗು ಉಜ್ಜದ ಕಡೆ ಸಿಕ್ಕಿಸಿ. ಫೋನು ಫ್ಲೈಟ್ ಮೋಡಿನಲ್ಲಿರಲಿ, ಕರೆ ಬಂದರೆ ಮುದ್ರಣ ನಿಲ್ಲುತ್ತದೆ. ವೇವ್ ಫೈಲಿನಲ್ಲಿ, 44.1 ಕಿಲೋಹರ್ಟ್ಸ್, 16 ಬಿಟ್, ಮೋನೋ ಆದರೆ ಗಂಟೆಗೆ ಸುಮಾರು 320 ಎಂಬಿ. ಮೊದಲ ಅರ್ಧ ನಿಮಿಷದಲ್ಲಿ ತಾರೀಖು, ಜಾಗ, ಹತ್ತಿರದ ಮೆಟ್ಟಿಲ ಸಂಖ್ಯೆ ಹೇಳಿ. ವಾಟ್ಸ್ಆ್ಯಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ; ಹಳೆಯ ಫೋಟೋ ಮಾಮೂಲಿಯಾಗಿ ಕಳಿಸಿದರೆ ಕುಗ್ಗಿ ಹೋಗುತ್ತದೆ, ಅಂಗಡಿ ಬೋರ್ಡಿನ ಅಕ್ಷರ ಆಮೇಲೆ ಓದಲಾಗುವುದಿಲ್ಲ. ಒಂದು ಗಂಟೆಯ ಮಾತು ಬರೆದಿಳಿಸಲು ಐದಾರು ಗಂಟೆ ಬೇಕು, ಮೊದಲೇ ಲೆಕ್ಕ ಹಾಕಿಕೊಳ್ಳಿ. ಬರೆಯುವಾಗ ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬಾರದು. “ಓಯ್ತಿದ್ವಿ” ಎಂದದ್ದು “ಹೋಗುತ್ತಿದ್ದೆವು” ಆದರೆ ಕೇರಿಯೇ ಅಳಿಸಿಹೋಗುತ್ತದೆ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ದೊಡ್ಡ ಅಕ್ಷರದಲ್ಲಿ, ಒಂದೇ ಪುಟ. ಮೂರು ಆಯ್ಕೆ ಸಾಕು: ಎಲ್ಲರೂ ಕೇಳಬಹುದು, ಹೆಸರಿಲ್ಲದೆ ಬಳಸಬಹುದು, ನನ್ನ ನಂತರ ಮಾತ್ರ. ಹಳೆಯ ಮನೆಗಳ ಮಾತು ಬಂದಾಗ ಪಾಲಿನ ಜಗಳ, ಜಾತಿಯ ಮಾತು, ಬದುಕಿರುವವರ ಹೆಸರು ಬಂದೇ ಬರುತ್ತವೆ. ಒಂದು ವಾರ ಬಿಟ್ಟು ಅವರಿಗೇ ಓದಿ ಹೇಳಿ, ಬೇಡವೆಂದದ್ದನ್ನು ತೆಗೆಯಿರಿ. ಪ್ರತಿ ಮೂರಿರಲಿ: ಮನೆಯವರ ಬಳಿ ಒಂದು, ದಾಖಲಿಸಿದವರ ಬಳಿ ಒಂದು, ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು.

ಅಧಿಕಾರಿಗಳಿಂದ ಬೇಕಾದದ್ದು ದೊಡ್ಡದೇನಲ್ಲ. ಇಪ್ಪತ್ತು ಗುರುತುಕಲ್ಲು. ದುರಸ್ತಿಯ ಅಂದಾಜುಪಟ್ಟಿಯಲ್ಲಿ ಕಲ್ಲು ಬದಲಾವಣೆಗಿಂತ ಮೊದಲು ಚರಂಡಿ ಬಿಡಿಸುವ ಕೆಲಸ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ವಾರಕ್ಕೊಂದು ಬೆಳಗು, ಮಂಗಳವಾರ ಶುಕ್ರವಾರ ಬಿಟ್ಟು, ಹಿರಿಯರನ್ನು ಕರೆತರುವ ವಾಹನ ನಂದಿಯ ಹತ್ತಿರ ಒಂದು ಗಂಟೆ ನಿಲ್ಲಲು ಅನುಮತಿ, ವ್ಯೂ ಪಾಯಿಂಟಿನಲ್ಲಿ ನೆರಳಿಗೆ ನಾಲ್ಕು ಬೆನ್ನೊರಗು ಕುರ್ಚಿ. ಕೈಯಿಲ್ಲದ ಕುರ್ಚಿ ತರಬೇಡಿ. ಎಂಬತ್ತರವರು ಕೂತರೆ ಏಳಲು ಹಿಡಿ ಬೇಕು.

ಇಂತಿ,
ಬೆಟ್ಟ ಹತ್ತುವ, ಹಳೆಯ ಊರಿನ ಮಾತು ಬರೆದಿಡುವ ಕೆಲವರು, ಮೈಸೂರು